ಗುಡಿ, ಮಸೀದಿ, ಚರ್ಚಿನ ಪಕ್ಕ ಬಡ ಕುಟುಂಬಗಳಿಗೆ ಒಂದು ಸೇವಾ ಕೇಂದ್ರ: ಶುರು ಮಾಡುವುದು ಹೇಗೆ?

ಈ ಮಾತು ಎಲ್ಲ ಊರಿನಲ್ಲೂ ಒಂದಲ್ಲ ಒಂದು ಸಲ ಬರುತ್ತದೆ. ಜಾತ್ರೆ ಮುಗಿದು ಸಮಿತಿಯ ಖಾತೆಯಲ್ಲಿ ಸ್ವಲ್ಪ ದುಡ್ಡು ಉಳಿದಿರುತ್ತದೆ. ಇಲ್ಲವೇ ರಂಜಾನ್ ತಿಂಗಳ ಝಕಾತ್ ಒಟ್ಟಾಗಿರುತ್ತದೆ. ಇಲ್ಲವೇ ಭಾನುವಾರದ ಪ್ರಾರ್ಥನೆ ಮುಗಿಸಿ ಚರ್ಚಿನ ಅಂಗಳದಲ್ಲಿ ನಿಂತವರಲ್ಲಿ ಯಾರೋ ಒಬ್ಬರು, "ಹಿಂದಿನ ಬೀದಿಯ ಬಡವರಿಗೆ ನಾವು ಏನಾದರೂ ಮಾಡಬೇಕಲ್ವಾ?" ಅನ್ನುತ್ತಾರೆ. ಎಲ್ಲರೂ ತಲೆ ಆಡಿಸುತ್ತಾರೆ. ಮುಂದಿನ ಸಭೆಗೆ ಯಾರೋ ಎರಡು ಮಹಡಿ ಕಟ್ಟಡದ ನಕ್ಷೆ ತಂದಿರುತ್ತಾರೆ.

ನಕ್ಷೆಯನ್ನು ಮಡಚಿ ಬೀರುವಿನಲ್ಲಿಡಿ. ಕಟ್ಟಡ ಕೊನೆಗೆ ಬರಬೇಕಾದ ಕೆಲಸ. ಮೊದಲು ಕಟ್ಟಿದರೆ ದುಡ್ಡೆಲ್ಲ ಸಿಮೆಂಟಿಗೆ ಹೋಗುತ್ತದೆ. ಆಮೇಲೆ ಕರೆಂಟ್ ಬಿಲ್ ಕಟ್ಟಲು ಅದನ್ನು ಮದುವೆ, ನಾಮಕರಣಕ್ಕೆ ಬಾಡಿಗೆಗೆ ಕೊಡಬೇಕಾಗುತ್ತದೆ. ಅಂಥ "ಸಮುದಾಯ ಭವನ"ಗಳು ನಮ್ಮಲ್ಲಿ ಬೇಕಾದಷ್ಟಿವೆ. 2000ನೇ ಇಸವಿಯಲ್ಲಿ ಬೆಂಗಳೂರಿನ ಇಸ್ಕಾನ್‌ನವರು ಅಕ್ಷಯ ಪಾತ್ರ ಶುರು ಮಾಡಿದಾಗ ಊಟ ಹೋಗಿದ್ದು 5 ಶಾಲೆಗಳ 1,500 ಮಕ್ಕಳಿಗೆ. ದೊಡ್ಡ ದೊಡ್ಡ ಅಡುಗೆಮನೆಗಳೆಲ್ಲ ಆಮೇಲೆ ಬಂದವು. ನಿಮ್ಮದು ಅದಕ್ಕಿಂತ ತುಂಬಾ ಚಿಕ್ಕದಾಗಿ ಶುರುವಾದರೂ ಸಾಕು.

ಹೆಜ್ಜೆ 1: ಬೀದಿ ಸುತ್ತಿ

ಇಬ್ಬಿಬ್ಬರ ಜೋಡಿ ಮಾಡಿಕೊಂಡು ಮನೆ ಮನೆಗೆ ಹೋಗಿ. ಪ್ರತಿ ಜೋಡಿಯಲ್ಲಿ ಒಬ್ಬ ಹೆಂಗಸು ಇರಲಿ. ಹೋಗುವ ಹೊತ್ತು ಮುಖ್ಯ. ಪೌರಕಾರ್ಮಿಕರು ಬೆಳಕು ಹರಿಯುವ ಮೊದಲೇ ಮನೆ ಬಿಟ್ಟಿರುತ್ತಾರೆ, ಮಧ್ಯಾಹ್ನದ ಮೇಲೆ ಸಿಗುತ್ತಾರೆ. ಗಾರ್ಮೆಂಟ್ಸ್‌ಗೆ ಹೋಗುವವರು ಸಿಗುವುದು ಭಾನುವಾರ, ಅದೂ ಬಟ್ಟೆ ಒಗೆದು ಮುಗಿದ ಮೇಲೆ. ನಿಮಗೆ ಅನುಕೂಲವಾದ ಹೊತ್ತಿಗೆ ಹೋದರೆ ಸಿಗುವುದು ಅಜ್ಜಿಯರು ಮತ್ತು ಕೆಲಸವಿಲ್ಲದ ಗಂಡಸರು ಮಾತ್ರ. ಅವರ ಮಾತನ್ನೇ ಇಡೀ ಬೀದಿಯ ಮಾತು ಅಂದುಕೊಂಡು ವಾಪಸ್ ಬರುತ್ತೀರಿ.

"ನಿಮಗೆ ಏನು ಬೇಕು?" ಅಂತ ಕೇಳಬೇಡಿ. ಹಾಗೆ ಕೇಳಿದರೆ ನೀವು ಕೊಡಬಹುದು ಅಂತ ಅವರಿಗೆ ಅನಿಸಿದ್ದನ್ನೇ ಹೇಳುತ್ತಾರೆ: ಹೊಲಿಗೆ ಮಷೀನು, ಸೀರೆ, ರೇಷನ್ ಕಿಟ್. ಬದಲಿಗೆ, "ಕಳೆದ ಸಲ ಸಾಲ ಮಾಡಿದ್ದು ಯಾವುದಕ್ಕೆ?" ಅಂತ ಕೇಳಿ. ಆಗ ನಿಜವಾದ ಕಥೆ ಬರುತ್ತದೆ. ಮಗಳ ಶಾಲೆ ಫೀಸು, ಗಂಡನ ಕಾಲು ಮುರಿದದ್ದು, ಮನೆ ಅಡ್ವಾನ್ಸು, ಒಂದು ಸಂಘದ ಕಂತು ಕಟ್ಟಲು ಇನ್ನೊಂದು ಸಂಘದಲ್ಲಿ ತೆಗೆದ ಸಾಲ. ಮೂವತ್ತು ನಲವತ್ತು ಮನೆ ಮುಗಿಯುವಷ್ಟರಲ್ಲಿ ಒಂದೇ ಉತ್ತರ ಮತ್ತೆ ಮತ್ತೆ ಕೇಳಿಸುತ್ತದೆ. ನಿಮ್ಮ ಕೇಂದ್ರ ಹಿಡಿಯಬೇಕಾದ ಕೆಲಸ ಅದೇ.

ಹಾಗೇ ಸುತ್ತಮುತ್ತ ಏನೇನಿದೆ ಅಂತ ಬರೆದುಕೊಳ್ಳಿ: ಅಂಗನವಾಡಿ, ಸರ್ಕಾರದ "ನಮ್ಮ ಕ್ಲಿನಿಕ್", ಇಂದಿರಾ ಕ್ಯಾಂಟೀನ್, ಗ್ರಾಮ ಪಂಚಾಯಿತಿಯ ಗ್ರಂಥಾಲಯ. ಇರುವುದನ್ನೇ ಇನ್ನೊಮ್ಮೆ ಮಾಡುವುದು ಬೇಡ. ಹೊಲಿಗೆ ತರಗತಿಯ ಉದಾಹರಣೆ ನೋಡಿ. 1982ರಲ್ಲಿ ಧರ್ಮಸ್ಥಳದವರು ಎರಡು ಬ್ಯಾಂಕುಗಳ ಜೊತೆ ಸೇರಿ ಉಜಿರೆಯಲ್ಲಿ ರುಡ್‌ಸೆಟ್ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆ ಶುರು ಮಾಡಿದರು. ಆ ಮಾದರಿಯನ್ನು ಸರ್ಕಾರವೇ ತೆಗೆದುಕೊಂಡು ಜಿಲ್ಲೆ ಜಿಲ್ಲೆಗಳಲ್ಲಿ ಆರ್‌ಸೆಟಿ ಎಂಬ ತರಬೇತಿ ಕೇಂದ್ರಗಳನ್ನು ಮಾಡಿದೆ. ಅಲ್ಲಿ ಹಳ್ಳಿಯ ಯುವಕ ಯುವತಿಯರಿಗೆ ತರಬೇತಿಯೂ ಪುಕ್ಕಟೆ, ಊಟ ವಸತಿಯೂ ಪುಕ್ಕಟೆ. ನಾಲ್ಕು ಮಷೀನು ತಂದು ನೀವೇ ಕಲಿಸುವುದಕ್ಕಿಂತ ಅಲ್ಲಿಗೆ ಅರ್ಜಿ ಹಾಕಿಸುವುದು ಒಳ್ಳೆಯದು.

ಹೆಜ್ಜೆ 2: ಬೀದಿಗೆ ತೆರೆಯುವ ಬಾಗಿಲು

ಜಾಗ ನಿಮ್ಮಲ್ಲಿ ಈಗಾಗಲೇ ಇರುತ್ತದೆ. ದೇವಸ್ಥಾನದ ಪಾಕಶಾಲೆ, ಮದರಸಾದ ಹಾಲ್, ಭಾನುವಾರ ಶಾಲೆಯ ಕೋಣೆ ವಾರದ ಬಹುಪಾಲು ಖಾಲಿಯೇ. ಒಂದು ವಿಷಯ ಮಾತ್ರ ನೋಡಿಕೊಳ್ಳಿ: ಆ ಕೋಣೆಗೆ ಬೀದಿಯಿಂದ ನೇರ ಬಾಗಿಲು ಇರಬೇಕು. ದೇವಸ್ಥಾನದ ಮುಖ್ಯ ದ್ವಾರ ದಾಟಿಯೇ ಹೋಗಬೇಕು ಅಂದರೆ ಮುಟ್ಟಾದ ಹೆಂಗಸು ಆ ವಾರ ಬರುವುದಿಲ್ಲ. ಯಾಕೆ ಬರಲಿಲ್ಲ ಅಂತ ನಿಮಗೆ ಹೇಳುವುದೂ ಇಲ್ಲ. ಸೂತಕದ ಮನೆಯವರು ಬರುವುದಿಲ್ಲ, ಬೇರೆ ಧರ್ಮದವರು ಗೇಟಿನ ಹತ್ತಿರವೇ ನಿಂತು ವಾಪಸ್ ಹೋಗುತ್ತಾರೆ. ಹಿಂದೆ ಒಳಗೆ ಬಿಡದಿದ್ದ ಜಾತಿಯ ಹಿರಿಯರಿಗೆ ಆ ನೆನಪು ಇನ್ನೂ ಹೋಗಿಲ್ಲ. ಪಕ್ಕದ ಗೋಡೆಯಲ್ಲಿ ಒಂದು ಬಾಗಿಲು ಕೂರಿಸಲು ಆಗುವ ಖರ್ಚು ನಿಮ್ಮ ಮೊದಲ ವರ್ಷದ ಅತ್ಯುತ್ತಮ ಖರ್ಚು.

ಜಾಗ ಯಾರ ಹೆಸರಲ್ಲಿದೆ ಎಂಬುದನ್ನೂ ನೋಡಿ. ಮುಜರಾಯಿ ದೇವಸ್ಥಾನವಾದರೆ 1997ರ ಹಿಂದೂ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ ಕಾಯ್ದೆಯ ಕೆಳಗೆ ಬರುತ್ತದೆ. ಅರ್ಚಕರು ಹೂಂ ಅಂದರೆ ಸಾಲದು, ಇಲಾಖೆಯ ಅನುಮತಿ ಬೇಕು. ವಕ್ಫ್ ಆಸ್ತಿಯಾದರೆ ವಕ್ಫ್ ಮಂಡಳಿ, ಚರ್ಚ್ ಆದರೆ ಧರ್ಮಪ್ರಾಂತ್ಯ. ಬಾಯಿಮಾತಿನ ಒಪ್ಪಿಗೆ ಸಮಿತಿ ಬದಲಾದ ದಿನ ಮುಗಿಯುತ್ತದೆ. ಯಾವ ದಿನ, ಯಾವ ಹೊತ್ತು, ಕರೆಂಟ್ ಬಿಲ್ ಯಾರದು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ.

ಹೆಜ್ಜೆ 3: ಒಂದು ಮೇಜು, ಎರಡು ಕುರ್ಚಿ, ಒಂದು ಫೈಲು

ಯಾವುದರಿಂದ ಶುರು ಮಾಡಲಿ ಅಂತ ಕೇಳುವವರಿಗೆ ನನ್ನ ಉತ್ತರ ಯಾವಾಗಲೂ ಒಂದೇ: ಅರ್ಜಿ ಮೇಜು. ಊಟ ಬಡಿಸುವಷ್ಟು ಚಂದವಾಗಿ ಇದು ಕಾಣುವುದಿಲ್ಲ, ಫೋಟೋಗೂ ಬರುವುದಿಲ್ಲ. ಆದರೆ ಒಂದು ರೇಷನ್ ಕಿಟ್ ಎರಡು ವಾರ ಬಂದರೆ ಹೆಚ್ಚು. ನಿಂತುಹೋದ ಪಿಂಚಣಿ ಮತ್ತೆ ಶುರುವಾದರೆ ತಿಂಗಳು ತಿಂಗಳೂ ಬರುತ್ತದೆ.

ಗೃಹಲಕ್ಷ್ಮಿಯನ್ನೇ ನೋಡಿ. 2023ರ ಆಗಸ್ಟ್‌ನಿಂದ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿಯ ಯೋಜನೆ ಇದು. "ನಂಗೆ ಮಾತ್ರ ಬರ್ತಿಲ್ಲ" ಅಂತ ಒಬ್ಬರು ಬರುತ್ತಾರೆ. ರೇಷನ್ ಕಾರ್ಡ್, ಆಧಾರ್, ಪಾಸ್‌ಬುಕ್ ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಡಿ. ಅರ್ಧ ಉತ್ತರ ಅಲ್ಲೇ ಇರುತ್ತದೆ. ಒಂದರಲ್ಲಿ ಲಕ್ಷ್ಮಮ್ಮ, ಇನ್ನೊಂದರಲ್ಲಿ ಲಕ್ಷ್ಮೀದೇವಮ್ಮ. ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ತೀರಿಹೋದ ಅತ್ತೆಯ ಹೆಸರೇ ಇನ್ನೂ ಇರುತ್ತದೆ. ಎಲ್ಲ ಸರಿಯಿದ್ದರೂ ಬ್ಯಾಂಕ್ ಖಾತೆಗೆ ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಸಂಖ್ಯೆಗೆ ಬರುವ ದುಡ್ಡು ಯಾವ ಖಾತೆಗೆ ಬೀಳಬೇಕು ಎಂಬ ದಾಖಲೆ) ಆಗಿರುವುದಿಲ್ಲ. "ಆಧಾರ್ ಲಿಂಕ್ ಮಾಡ್ಸಿದೀನಿ" ಅಂತ ಆಯಮ್ಮ ಹೇಳುವುದು ನಿಜವೇ, ಆದರೆ ಆ ಲಿಂಕ್ ಬೇರೆ, ಈ ಮ್ಯಾಪಿಂಗ್ ಬೇರೆ. ಸರ್ಕಾರದ ದುಡ್ಡು ನೇರ ಖಾತೆಗೆ ಬರಬೇಕಾದರೆ ಎರಡನೆಯದೇ ಬೇಕು. ಎರಡು ಮೂರು ಖಾತೆ ಇದ್ದವರಿಗೆ ಯಾವುದೋ ಮರೆತುಹೋದ ಖಾತೆಗೆ ದುಡ್ಡು ಬಂದು ಬಿದ್ದಿರುವುದೂ ಉಂಟು. ಬ್ಯಾಂಕಿಗೆ ಜೊತೆಯಲ್ಲಿ ಹೋಗಿ ಫಾರ್ಮ್ ಕೊಡಿಸಿ. ಒಬ್ಬರೇ ಹೋದರೆ "ನಾಳೆ ಬನ್ನಿ" ಅನ್ನುವವರು ಜೊತೆಗೆ ಇನ್ನೊಬ್ಬರು ನಿಂತರೆ ಅವತ್ತೇ ತೆಗೆದುಕೊಳ್ಳುತ್ತಾರೆ. ನಮ್ಮ ಕಚೇರಿಗಳ ಗುಣ ಗೊತ್ತೇ ಇದೆಯಲ್ಲ.

ಇದೇ ಮೇಜಿಗೆ ಬರುವ ಬೇರೆ ಕೆಲಸಗಳು: ನಾಡಕಚೇರಿಯಿಂದ ಜಾತಿ ಆದಾಯ ಪ್ರಮಾಣಪತ್ರ, ಅದರ ಮೇಲಿರುವ ಆರ್‌ಡಿ ನಂಬರ್ ಹಾಕಿ ಎಸ್‌ಎಸ್‌ಪಿಯಲ್ಲಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ಮಕ್ಕಳ ವಿದ್ಯಾರ್ಥಿವೇತನ, ಗಾರೆ ಕೆಲಸದವರಿಗೆ ಕಟ್ಟಡ ಕಾರ್ಮಿಕರ ಕಾರ್ಡ್, ವಿಧವಾ ವೇತನ, ವಯಸ್ಸಾದವರ ಸಂಧ್ಯಾ ಸುರಕ್ಷಾ ಪಿಂಚಣಿ. ಜನನ ಪ್ರಮಾಣಪತ್ರ ಮರೆಯಬೇಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು ಹುಟ್ಟಿದ ದಿನಾಂಕದ ದಾಖಲೆ ಎಂದರೆ ಅದೊಂದೇ. ಸಾಲಗಾರರ ಕಾಟ, ಗಂಡನ ಹೊಡೆತ, ಬಾಡಿಗೆ ಜಗಳ ಇಂಥವು ಬಂದರೆ ನೀವೇ ಪಂಚಾಯಿತಿ ಮಾಡಲು ಕೂರಬೇಡಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಕಳಿಸಿ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರು ಪುಕ್ಕಟೆ. ಸಹಾಯವಾಣಿ 15100.

ಎರಡು ನಿಯಮ ಗೋಡೆಗೆ ಅಂಟಿಸಿ. ಯಾರ ಒಟಿಪಿಯನ್ನೂ ಕೇಳಿ ಬರೆದಿಟ್ಟುಕೊಳ್ಳುವಂತಿಲ್ಲ. ಯಾರ ಆಧಾರ್ ಜೆರಾಕ್ಸ್ ಕೂಡ ಕೇಂದ್ರದಲ್ಲಿ ಉಳಿಯುವಂತಿಲ್ಲ. ಹೆಸರು, ಕೆಲಸ, ಅರ್ಜಿ ಸಂಖ್ಯೆ, ಮತ್ತೆ ವಿಚಾರಿಸಬೇಕಾದ ದಿನ, ಇಷ್ಟು ರಿಜಿಸ್ಟರ್‌ನಲ್ಲಿದ್ದರೆ ಸಾಕು.

ಹೆಜ್ಜೆ 4: ಮಕ್ಕಳ ಸಂಜೆ

ಅರ್ಜಿ ಮೇಜು ಕೆಲವು ತಿಂಗಳು ಸರಿಯಾಗಿ ನಡೆದ ಮೇಲೆ ಇದಕ್ಕೆ ಕೈ ಹಾಕಿ. ಶಾಲೆ ಬಿಟ್ಟ ಮಗುವಿಗೂ ಕೆಲಸದಿಂದ ಬರುವ ಅಮ್ಮನಿಗೂ ನಡುವೆ ಎರಡು ಮೂರು ಗಂಟೆ ಖಾಲಿ ಇರುತ್ತದೆ. ಒಂದೇ ಕೋಣೆಯ ಮನೆಯಲ್ಲಿ ಟಿವಿ ಪಕ್ಕ ಕೂತು ಓದುವುದು ಆಗದ ಮಾತು. ಅವರಿಗೆ ಬೇಕಿರುವುದು ಬೆಳಕು, ಚಾಪೆ, ಕೇಳಿದ್ದಕ್ಕೆ ಸಿಡುಕದೆ ಹೇಳಿಕೊಡುವ ಒಬ್ಬ ದೊಡ್ಡವರು. ಟ್ಯೂಷನ್ ಅಂತ ಹೆಸರಿಟ್ಟು ಮಾರ್ಕ್ಸ್ ಹಿಂದೆ ಬೀಳಬೇಡಿ. ಮೊದಲು ಕನ್ನಡ ಸರಾಗವಾಗಿ ಓದಲು ಬರಲಿ. ಐದನೇ ಕ್ಲಾಸಿನಲ್ಲಿದ್ದು ಎರಡನೇ ಕ್ಲಾಸಿನ ಪಾಠ ತಡವರಿಸುವ ಮಕ್ಕಳು ಖಂಡಿತ ಸಿಗುತ್ತಾರೆ.

ತಿಂಡಿಗೆ ಹೆಸರುಕಾಳು ಉಸಲಿ, ಕಡಲೆಕಾಳು ಉಸಲಿ, ಬಾಳೆಹಣ್ಣು. ಬಿಸ್ಕತ್ತು ಬೇಡ. ದಿನಾ ಅಡುಗೆ ಮಾಡಿ ಹಂಚುವುದಾದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿ, ಸಣ್ಣ ಮಟ್ಟದಲ್ಲಿ ಅದು ಕಷ್ಟವೇನಲ್ಲ. ಊಟದ ಲೆಕ್ಕ ಹಾಕಲು ಶಾಲೆಯ ಬಿಸಿಯೂಟದ ಅಳತೆ ಕೈಯಲ್ಲಿರಲಿ: ಐದನೇ ತರಗತಿವರೆಗೆ ಮಗುವಿಗೆ 100 ಗ್ರಾಂ ಅಕ್ಕಿ, ಅದರ ಮೇಲಿನವರಿಗೆ 150 ಗ್ರಾಂ.

ಮಕ್ಕಳ ಸುರಕ್ಷತೆಯ ವಿಷಯದಲ್ಲಿ ದಾಕ್ಷಿಣ್ಯ ಇರಲೇಬಾರದು. ಪಾಠ ಹೇಳುವ ಪ್ರತಿಯೊಬ್ಬರಿಗೂ ಪೊಲೀಸ್ ಪರಿಶೀಲನೆ ಆಗಲಿ. ಗುರುಗಳಾಗಲಿ, ಪಾದ್ರಿಯಾಗಲಿ, ಮೌಲ್ವಿಯಾಗಲಿ, ಸಮಿತಿ ಅಧ್ಯಕ್ಷರ ಅಳಿಯನಾಗಲಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬ ದೊಡ್ಡವರ ಜೊತೆ ಒಂದು ಮಗು ಇರಬಾರದು. ಏನಾದರೂ ಆಗಿದೆ ಅಂತ ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ ಪ್ರಕಾರ ಕಡ್ಡಾಯ. "ಸಂಸ್ಥೆಯ ಮರ್ಯಾದೆ" ಅಂತ ಒಳಗೊಳಗೇ ಮುಚ್ಚಿಹಾಕುವುದು ಅಪರಾಧ. ಮಕ್ಕಳ ಸಹಾಯವಾಣಿ 1098 ನಂಬರನ್ನು ಮಕ್ಕಳಿಗೇ ಬಾಯಿಪಾಠ ಮಾಡಿಸಿ. ಮಕ್ಕಳನ್ನು ರಾತ್ರಿ ಇಟ್ಟುಕೊಳ್ಳುವ ಯೋಚನೆ ಮಾತ್ರ ಸದ್ಯಕ್ಕೆ ಬೇಡ. ಅನಾಥ, ನಿರ್ಗತಿಕ ಮಕ್ಕಳಿಗೆ ವಸತಿ ಕೊಡಬೇಕಾದರೆ ಬಾಲನ್ಯಾಯ ಕಾಯ್ದೆ 2015ರ ಅಡಿ ನೋಂದಣಿ ಬೇಕು. ಅದು ಬೇರೆಯದೇ ಜವಾಬ್ದಾರಿ.

ದೇವರು ಎಲ್ಲಿ ಬರಬೇಕು?

ಇದು ಹೆಜ್ಜೆ ಅಲ್ಲ, ಆದರೆ ಇದನ್ನು ಮೊದಲೇ ಕೂತು ಮಾತಾಡದ ಸಮಿತಿಗಳು ಆಮೇಲೆ ಒಡೆದು ಹೋಗುತ್ತವೆ. ನಿಮ್ಮ ನಂಬಿಕೆ ನಿಮ್ಮನ್ನು ಈ ಕೆಲಸಕ್ಕೆ ತಂದಿದೆ, ಅದನ್ನು ಬಚ್ಚಿಡುವುದು ಬೇಡ. ಗೋಡೆಯ ಮೇಲೆ ನಿಮ್ಮ ದೇವರ ಪಟ ಇರಲಿ. ಅಡುಗೆ ಸಸ್ಯಾಹಾರವೇ ಅಂದರೆ ಹಾಗೇ ಇರಲಿ, ಮೊದಲೇ ಹೇಳಿಬಿಡಿ. ಆದರೆ ಭಜನೆಗೆ ಕೂತರೆ ಮಾತ್ರ ಉಸಲಿ, ಪ್ರಾರ್ಥನೆಗೆ ಬಂದರೆ ಮಾತ್ರ ಅರ್ಜಿ ಅಂತ ಆಗಬಾರದು. ಪೂಜೆಯ ಹೊತ್ತು ಬೇರೆ, ಮೇಜಿನ ಹೊತ್ತು ಬೇರೆ. ಗುರುದ್ವಾರದ ಲಂಗರ್‌ನಲ್ಲಿ ತಟ್ಟೆ ಕೊಡುವ ಮೊದಲು ಯಾರ ಜಾತಿ ಧರ್ಮವನ್ನೂ ವಿಚಾರಿಸುವುದಿಲ್ಲ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳಿಗೆ ಊಟ, ವಸತಿ, ಓದು ಎಲ್ಲ ಉಚಿತ, ಎಲ್ಲ ಜಾತಿ ಧರ್ಮದವರೂ ಅಲ್ಲಿ ಓದಿದ್ದಾರೆ. 2019ರಲ್ಲಿ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದ ಮೇಲೂ ದಾಸೋಹ ನಿಂತಿಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. ಟ್ರಸ್ಟ್ ಡೀಡ್‌ನಲ್ಲಿ (ಟ್ರಸ್ಟ್ ಸ್ಥಾಪನೆಯ ಪತ್ರ) "ನಮ್ಮ ಸಮಾಜದ ಬಡವರಿಗಾಗಿ" ಎಂದು ಒಂದು ಜಾತಿಗೋ ಧರ್ಮಕ್ಕೋ ಸೀಮಿತ ಮಾಡಿ ಬರೆದರೆ ದತ್ತಿ ಟ್ರಸ್ಟ್‌ಗೆ ಸಿಗುವ ಆದಾಯ ತೆರಿಗೆ ವಿನಾಯಿತಿ ಕೈತಪ್ಪುತ್ತದೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಮಹಿಳೆಯರು, ಮಕ್ಕಳಿಗಾಗಿ ಎಂದು ಬರೆದರೆ ತೊಂದರೆ ಇಲ್ಲ. ಎಷ್ಟೋ ಡೀಡ್‌ಗಳು ಆ ಒಂದು ಸಾಲಿನಿಂದಲೇ ಕೆಡುತ್ತವೆ.

ಹೆಜ್ಜೆ 5: ನೋಂದಣಿ

ಮೊದಲ ಕೆಲವು ತಿಂಗಳಿಗೆ ಇದು ಬೇಕಿಲ್ಲ. ಹೊರಗಿನವರಿಂದ ದುಡ್ಡು ತೆಗೆದುಕೊಳ್ಳುವ ಹೊತ್ತಿಗೆ ಬೇಕು. ದೇವಸ್ಥಾನ ಅಥವಾ ಚರ್ಚಿನ ಹೆಸರಲ್ಲೇ ನಡೆಸುವ ಬದಲು ಬೇರೆ ದತ್ತಿ ಸಂಸ್ಥೆ ಮಾಡುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಧಾರ್ಮಿಕ ಕೆಲಸಕ್ಕೆ ಆದಾಯದ ಶೇ. 5ಕ್ಕಿಂತ ಜಾಸ್ತಿ ಖರ್ಚು ಮಾಡುವ ಸಂಸ್ಥೆಗೆ 80ಜಿ (ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ ನೋಂದಣಿ) ಸಿಗುವುದಿಲ್ಲ. ಲೆಕ್ಕ ಬೇರೆ ಇದ್ದರೆ ಜಗಳವೂ ಕಡಿಮೆ.

ದಾರಿ ಎರಡು. ಟ್ರಸ್ಟ್ ಆದರೆ ಛಾಪಾ ಕಾಗದದ ಮೇಲೆ ಡೀಡ್ ಬರೆಸಿ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸುವುದು. ಬೇಗ ಆಗುತ್ತದೆ, ಆದರೆ ಅಧಿಕಾರ ಕೆಲವರ ಕೈಯಲ್ಲೇ ಉಳಿಯುತ್ತದೆ. ಸಂಘ ಆದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ಕನಿಷ್ಠ 7 ಜನ ಬೇಕು, ಪ್ರತಿ ವರ್ಷ ಸಾಮಾನ್ಯ ಸಭೆ ನಡೆಸಿ ನೋಂದಣಾಧಿಕಾರಿಗೆ ವರದಿ ಸಲ್ಲಿಸಬೇಕು. ತಲೆನೋವು ಜಾಸ್ತಿ, ಪಾರದರ್ಶಕತೆಯೂ ಜಾಸ್ತಿ. ನಾನು ಸಂಘದ ಕಡೆ. ಆ ಏಳು ಜನರಲ್ಲಿ ಕೇಂದ್ರಕ್ಕೆ ಬರುವ ಬೀದಿಯವರೇ ಇಬ್ಬರಾದರೂ ಇರಲಿ, ಒಂದೇ ಮನೆಯ ಇಬ್ಬರು ಬೇಡ.

ಆಮೇಲೆ ಸಂಸ್ಥೆಯ ಪ್ಯಾನ್, ಬ್ಯಾಂಕ್ ಖಾತೆ, ಸರ್ಕಾರದ ಎನ್‌ಜಿಒ ದರ್ಪಣ್ ಪೋರ್ಟಲ್‌ನಲ್ಲಿ ನೋಂದಣಿ. ತೆರಿಗೆ ವಿನಾಯಿತಿಗೆ ಎಲ್ಲರೂ ಇನ್ನೂ 12ಎ (ಸಂಸ್ಥೆಯ ಆದಾಯಕ್ಕೆ), 80ಜಿ (ದಾನಿಗಳಿಗೆ) ಅಂತಲೇ ಕರೆಯುವ ಎರಡು ನೋಂದಣಿಗಳಿವೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಸೆಕ್ಷನ್ ನಂಬರ್‌ಗಳು ಬದಲಾಗಿವೆ, ಹಾಗಾಗಿ ಹಳೇ ಫಾರ್ಮ್ ನೋಡಿ ತುಂಬಬೇಡಿ, ಲೆಕ್ಕಪರಿಶೋಧಕರನ್ನು ಕೇಳಿ. ಮೊದಲು ಸಿಗುವುದು 3 ವರ್ಷದ ತಾತ್ಕಾಲಿಕ ನೋಂದಣಿ. ಅದು ಮುಗಿಯುವ ತಾರೀಕನ್ನು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಮಾಡಿಡಿ.

ಹೆಜ್ಜೆ 6: ದುಡ್ಡು

ಕಲ್ಲಿನ ಮೇಲೆ ಹೆಸರು ಕೆತ್ತಿಸುತ್ತೇವೆ ಅಂದರೆ ದಾನಿಗಳು ಸಿಗುತ್ತಾರೆ. ಟೀಚರ್ ಸಂಬಳಕ್ಕೆ, ಪ್ರಿಂಟರ್ ಇಂಕಿಗೆ ಸಿಗುವುದಿಲ್ಲ. ಅದಕ್ಕೆ ಒಂದು ಉಪಾಯ ಇದೆ. "ಒಂದು ದಿನದ ಸಂಜೆ" ಅಂತ ಮಾಡಿ: ಆ ದಿನದ ಉಸಲಿ, ಟೀಚರ್ ಗೌರವಧನ, ಕರೆಂಟ್ ಎಲ್ಲ ಸೇರಿಸಿ ಒಂದು ಮೊತ್ತ. ಮಗುವಿನ ಹುಟ್ಟುಹಬ್ಬಕ್ಕೆ, ತಂದೆಯ ತಿಥಿಗೆ ಜನ ಖುಷಿಯಿಂದ ಕೊಡುತ್ತಾರೆ. ಷರತ್ತು ಒಂದೇ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತಟ್ಟೆ ಹಿಡಿಸಿ ಫೋಟೋ ತೆಗೆಯುವಂತಿಲ್ಲ. ನಾಲ್ಕು ದಾನಿಗಳು ಮುನಿಸಿಕೊಳ್ಳುತ್ತಾರೆ, ಮುನಿಸಿಕೊಳ್ಳಲಿ.

2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟವರಿಗೆ 80ಜಿ ರಿಯಾಯಿತಿ ಇಲ್ಲ, ಆದ್ದರಿಂದ ಯುಪಿಐ ಅಥವಾ ಚೆಕ್ ಕೇಳಿ. ಹೊಸ ತೆರಿಗೆ ಪದ್ಧತಿಗೆ ಹೋದ ಸಂಬಳದಾರರಿಗೆ ಹೇಗಿದ್ದರೂ ಆ ರಿಯಾಯಿತಿ ಸಿಗುವುದಿಲ್ಲ. 80ಜಿ ತೋರಿಸಿ ದುಡ್ಡು ಎತ್ತುವ ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ. ದತ್ತಿ ಸಂಸ್ಥೆಯ ಡಬ್ಬಿಗೆ ಹೆಸರಿಲ್ಲದೆ ಬೀಳುವ ದುಡ್ಡು ಒಂದು ಮಿತಿ ದಾಟಿದರೆ ಶೇ. 30 ತೆರಿಗೆ ಬೀಳುತ್ತದೆ, ಗುಡಿಯ ಹುಂಡಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಝಕಾತ್ ಯಾರಿಗೆ ಸಲ್ಲಬೇಕು ಅನ್ನುವುದಕ್ಕೆ ಧರ್ಮದಲ್ಲೇ ನಿಯಮವಿದೆ, ಅದಕ್ಕೆ ಬೇರೆ ಖಾತೆ ಬೇಕು.

ಅಮೆರಿಕದಲ್ಲೋ ದುಬೈಯಲ್ಲೋ ಇರುವ ಊರಿನ ಹುಡುಗ "ನಾನು ಕಳಿಸ್ತೀನಿ" ಅಂದರೆ ಮೊದಲು ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳಿ. ಭಾರತದ ಪಾಸ್‌ಪೋರ್ಟ್ ಆದರೆ ಬ್ಯಾಂಕ್ ಮೂಲಕ ತೆಗೆದುಕೊಳ್ಳಬಹುದು. ಅಲ್ಲಿನ ಪೌರತ್ವ ಪಡೆದಿದ್ದರೆ, ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವುದು) ಇದ್ದರೂ, ಅದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿಯೋ ಪೂರ್ವಾನುಮತಿಯೋ ಇಲ್ಲದೆ ಒಂದು ರೂಪಾಯಿಯನ್ನೂ ಮುಟ್ಟುವಂತಿಲ್ಲ. ಆ ನೋಂದಣಿಗೆ ಸಂಸ್ಥೆಗೆ 3 ವರ್ಷ ಆಗಿರಬೇಕು, ಆ ಅವಧಿಯಲ್ಲಿ 15 ಲಕ್ಷ ಖರ್ಚು ಮಾಡಿರಬೇಕು. ಅಲ್ಲಿಯವರೆಗೆ ಊರಲ್ಲಿರುವ ಅವನ ಅಣ್ಣ ತನ್ನ ಸ್ವಂತ ದುಡ್ಡಿನಿಂದ ಕೊಡಲಿ.

ಪ್ರತಿ ತಿಂಗಳ ಜಮಾ ಖರ್ಚನ್ನು ಕನ್ನಡದಲ್ಲಿ ಬರೆದು ಬೀದಿ ಬಾಗಿಲಿನ ಪಕ್ಕ ಅಂಟಿಸಿ. ದಾನಿಗಳಿಗಿಂತ ಜಾಸ್ತಿ ಅದನ್ನು ನಿಂತು ಓದುವವರು ಬೀದಿಯವರು.

ಹೆಜ್ಜೆ 7: ಜನ

ಹಬ್ಬದ ದಿನ ಬರುವ ನಲವತ್ತು ಜನಕ್ಕಿಂತ ವಾರ ವಾರ ತಪ್ಪದೆ ಬರುವ ಆರು ಜನ ಸಾಕು. ನಿವೃತ್ತ ಮೇಷ್ಟ್ರು, ಬ್ಯಾಂಕಿನಿಂದ ನಿವೃತ್ತರಾದವರು, ಡಿಗ್ರಿ ಓದುತ್ತಿರುವ ಹುಡುಗಿಯರು. ಬ್ಯಾಂಕಿನವರು ಸಿಕ್ಕರೆ ಬಿಡಬೇಡಿ, ಎನ್‌ಪಿಸಿಐ ಕಥೆ ಅವರಿಗೆ ಒಂದೇ ಮಾತಿಗೆ ಅರ್ಥವಾಗುತ್ತದೆ. ಒಬ್ಬರಿಗಾದರೂ ಸಂಬಳ ಕೊಡಿ. ಬೀಗ ತೆಗೆಯುವವರು, ರಿಜಿಸ್ಟರ್ ಬರೆಯುವವರು ಪೂರ್ತಿ ಸೇವೆಯ ಮೇಲೆ ನಿಂತರೆ ಮದುವೆ ಸೀಸನ್‌ನಲ್ಲಿ ಕೇಂದ್ರ ಬಾಗಿಲು ಹಾಕಿರುತ್ತದೆ. ಆ ಕೆಲಸ ಅದೇ ಬೀದಿಯ ಎಸ್‌ಎಸ್‌ಎಲ್‌ಸಿ ಮುಗಿಸಿದ ಹೆಣ್ಣುಮಗಳಿಗೆ ಸಿಗಲಿ. ಬರುವವರ ಹತ್ತಿರ "ಅಕ್ಕ, ಆ ಕಾಗದ ಎಲ್ಲಿಟ್ಟಿದ್ದೀರಿ?" ಅಂತ ಕೇಳುವ ಸಲಿಗೆ ಅವಳಿಗಿರುತ್ತದೆ.

ಬಂದವರನ್ನು ಏಕವಚನದಲ್ಲಿ ಮಾತಾಡಿಸುವ ಸ್ವಯಂಸೇವಕರಿಗೆ ಒಮ್ಮೆ ಹೇಳಿ, ಎರಡನೇ ಸಲಕ್ಕೆ ಅಡುಗೆಮನೆಗೆ ಕಳಿಸಿ.

ಈಗ ಆ ನಕ್ಷೆ

ಎರಡು ಮೂರು ವರ್ಷ ನಡೆದು, ಕೋಣೆ ಸಾಲದೆ ಜನ ಹೊರಗೆ ನಿಲ್ಲುವಂತಾದರೆ ಬೀರು ತೆಗೆಯಿರಿ. ನಿವೇಶನ ಸಂಸ್ಥೆಯ ಹೆಸರಿಗೇ ಆಗಲಿ, ಯಾರೋ ಟ್ರಸ್ಟಿಯ ಹೆಸರಿಗೆ ಬೇಡ. ಖಾತಾ, ಋಣಭಾರ ಪತ್ರ ಎರಡನ್ನೂ ವಕೀಲರಿಗೆ ತೋರಿಸಿ. ಆಮೇಲೆ ನಕ್ಷೆಯನ್ನು ಕೇಂದ್ರಕ್ಕೆ ಬರುವ ಹೆಂಗಸರ ಮುಂದೆ ಹರಡಿ. ಎಂಜಿನಿಯರ್ ವೇದಿಕೆ, ಆಫೀಸು, ಅತಿಥಿ ಕೋಣೆ ಎಲ್ಲ ಬರೆದಿರುತ್ತಾರೆ. ಹೆಂಗಸರು ಮೊದಲು ಕೇಳುವುದು ಶೌಚಾಲಯ ಎಲ್ಲಿ, ಅದಕ್ಕೆ ಒಳಗಿನಿಂದ ಚಿಲಕ ಇದೆಯಾ, ನಲ್ಲಿಯಲ್ಲಿ ನೀರು ಎಷ್ಟು ಹೊತ್ತು ಬರುತ್ತದೆ ಅಂತ. ಆಮೇಲೆ ಕೂಸಿಗೆ ಹಾಲೂಡಿಸಲು ಒಂದು ಮೂಲೆ, ಮಂಡಿನೋವಿನ ಅತ್ತೆಗೆ ಮೆಟ್ಟಿಲಿಲ್ಲದ ದಾರಿ. ಅಷ್ಟನ್ನೂ ಕೆಳಮಹಡಿಯಲ್ಲಿ ಕೂರಿಸಿ. ವೇದಿಕೆಗೆ ಜಾಗ ಉಳಿದರೆ ನೋಡೋಣ.